ಸತ್ತೆವ್ವನ ಕೈಯ ಶೇಡು

"ಕಣ್ಣಾಗ ಸಗಣಿ ಮೆತ್ತಿಕೊಂಡೀರೇನ, ರಂಡೇರಾ? ಇದಕ್ಕ ಯಾವ ಭಾಡ್ಯಾ ಗುಲಾಬಿ ಅಂತಾನ? ಸುಟ್ಟ ಬದನಿಕಾಯಿ ಆಗೇತಿ!"

ಮಲ್ಲೇಶ ಸಾವಕಾರ ಬಟ್ಟೆಯ ಪಟ್ಟಿಯನ್ನು ಸತ್ತೆವ್ವನ ಮುಖಕ್ಕೆ ಎಸೆದ. ಹಸಿ ಪಟ್ಟಿ ಕೆನ್ನೆಗೆ ಅಂಟಿಕೊಂಡಿತು. ಅವಳು ಅದನ್ನು ನಿಧಾನವಾಗಿ ಬಿಡಿಸಿ, "ಇನ್ನೊಂದ ಸಲ ಅದ್ದತೇವ್ರಿ" ಎಂದಳು. ಬಟ್ಟೆಗೆ ಹತ್ತದ ಬಣ್ಣ ಕೆನ್ನೆಗೆ ಚೆನ್ನಾಗಿ ಹತ್ತಿತ್ತು. ನಾವು ನಗು ತಡೆದುಕೊಳ್ಳಲು ಸೆರಗು ಬಾಯಿಗೆ ತುರುಕಿಕೊಂಡೆವು.

ಗೋಕಾಕದಿಂದ ಕೊಣ್ಣೂರಿಗೆ ಹೋಗುವ ದಾರಿಯಲ್ಲಿ ನಮ್ಮ ಬಣ್ಣದ ಕಾರ್ಖಾನೆ. ಮೊದಲು ನೀರಿನಲ್ಲೇ ಅದ್ದುತ್ತಿದ್ದೆವು. ಹೋದ ವರ್ಷ ಸಾವಕಾರ ಹೊಸ ಯಂತ್ರ ತಂದ. ಅದಕ್ಕೆ ನೀರು ಬೇಡ, ಪೆಟ್ರೋಲಿನಂತೆ ಮೂಗಿಗೆ ಹೊಡೆಯುವ ಒಂದು ದ್ರಾವಣ ಬೇಕು. ಬಣ್ಣ ಅದರಲ್ಲೇ ಕರಗುತ್ತದೆ, ಹತ್ತಿ ಬಟ್ಟೆ ಅದರಲ್ಲೇ ಮುಳುಗುತ್ತದೆ, ಕಾಯಿಸಿದರೆ ದ್ರಾವಣ ಆವಿಯಾಗಿ ಯಂತ್ರಕ್ಕೇ ವಾಪಸ್ಸು ಬರುತ್ತದೆ. ಬಣ್ಣದ ನೀರು ಹಳ್ಳಕ್ಕೆ ಹೋಗುವುದಿಲ್ಲ. ಒಳ್ಳೆಯದೇ. ಆದರೆ ನೀರಿನಲ್ಲಿ ಗುಲಾಬಿಯಾಗುತ್ತಿದ್ದ ಪುಡಿ ಇದರಲ್ಲಿ ಬದನೆಕಾಯಿಯಾಗುತ್ತಿತ್ತು. ಮಾಲು ಕೊಳ್ಳುವ ಪಾರ್ಟಿ ಕೊಟ್ಟ ಮಾದರಿ ತುಂಡಿಗೆ ಬಣ್ಣದ ಶೇಡು ಕೂಡಿಸಲು ದಿನವಿಡೀ ಪಟ್ಟಿ ಅದ್ದಿ, ಬರಿಗೈಯಲ್ಲಿ ಹಿಂಡಿ, ಒಣಗಿಸಿ ನೋಡುವುದೇ ನಮ್ಮ ಪಾಡಾಯಿತು.

ಯಂತ್ರ ಬಂದ ಮೇಲೆ ಗೇಟಿಗೆ ಬೋರ್ಡು ಬಂತು: ನೀರಿಲ್ಲದ ಕಾರ್ಖಾನೆ. ಬೋರ್ಡು ಬಂದ ಮಾರನೆಯ ದಿನ ಅಂಗಳದ ನಳ ಹೋಯಿತು.

"ಗೇಟಿಗೆ ನೀರಿಲ್ಲ ಅಂತ ಬರಸೇನಿ, ಒಳಗ ನಳಾ ಕಂಡ್ರ ಯಾವ ಮಗಾ ನಂಬತಾನ?" ಎಂದ ಸಾವಕಾರ.

"ಕೈ ಎಲ್ಲಿ ತೊಳಕೊಳ್ಳೂದ್ರಿ?" ಎಂದಳು ಸತ್ತೆವ್ವ. "ಚನ್ನವ್ವನ ಕೂಸ ಹಾಲ ಕುಡಿವಲ್ದರಿ. ನಾತಕ್ಕ ಮಾರಿ ತಿರುವತೈತಿ."

"ಕೂಸಿನ ಮೂಗ ಹಿಡದ ಕುಡಸ ಅನ್ನು!"

ಚನ್ನವ್ವ ಹೊಸ ಬಾಣಂತಿ. ಮಧ್ಯಾಹ್ನ ಅವಳ ಅತ್ತೆ ಕೂಸನ್ನು ಗೇಟಿಗೆ ತರುತ್ತಿದ್ದಳು. ಚನ್ನವ್ವ ಮಣ್ಣು ಹಚ್ಚಿ, ಬೇವಿನ ಎಲೆ ಹಚ್ಚಿ ಕೈ ತಿಕ್ಕಿಕೊಂಡು ಎತ್ತಿಕೊಂಡರೂ ಕೂಸು ಎದೆ ಬಿಟ್ಟು ಚೀರುತ್ತಿತ್ತು. ಎದೆಹಾಲು ಕುಪ್ಪಸದಲ್ಲಿ ಸೋರಿ ಹೋಗುತ್ತಿತ್ತು. ಅದನ್ನು ನೋಡಿದಾಗ ನಮಗೆ ನಗು ಬರುತ್ತಿರಲಿಲ್ಲ.

ಉಳಿದದ್ದು ಸಾವಕಾರನ ಆಫೀಸಿನೊಳಗಿನ ನಳವೊಂದೇ. ಅದರ ಕಾವಲಿಗೆ ಜವಾನ ಮುತ್ತಪ್ಪ. ಕೇರಿಯವರಾದ ನಮಗೆ ಅವನು ಹೊಸ್ತಿಲಾಚೆ ಕೂರಿಸಿ ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದ, ಕುಡಿಯಲು ಮಾತ್ರ. "ತಂಬಗಿಗೆ ಬಣ್ಣ ಹತ್ತತೈತಿ" ಎನ್ನುತ್ತಿದ್ದ. ಬೆಳಿಗ್ಗೆ ಕೈಗೆ ಬಣ್ಣ ಹತ್ತುವ ಮೊದಲೇ ಹೋದರೂ ಮೇಲಿಂದಲೇ ಹೊಯ್ಯುತ್ತಿದ್ದ. ಯಾವ ಬಣ್ಣದ ಮಾತೆಂದು ನಮಗೆ ಗೊತ್ತಿತ್ತು.

ಹೀಗಾಗಿ ಚಿಂದಿಗೆ ಕೈ ಒರೆಸಿಕೊಳ್ಳುವುದು ರೂಢಿಯಾಯಿತು. ಗೋಡೆಯಲ್ಲಿ ಎರಡು ಮೊಳೆ. ಒಂದಕ್ಕೆ ಚಿಂದಿ, ಇನ್ನೊಂದಕ್ಕೆ ಪಾರ್ಟಿಯ ಮಾದರಿ. ಒಂದು ದಿನ ಸಾವಕಾರ ಮಾದರಿಯನ್ನು ನೋಡಿ ಸಿಟ್ಟಿನಲ್ಲಿ ಚಿಂದಿಯ ಮೊಳೆಗೆ ಸಿಗಿಸಿ ಹೋದ. ಸತ್ತೆವ್ವ ಬಂದವಳೇ ಅದಕ್ಕೇ ಕೈ ಒರೆಸಿದಳು. ಊಟಕ್ಕೆ ಹೋಗುವಾಗ ಒರೆಸಿದಳು, ಮನೆಗೆ ಹೋಗುವಾಗ ಒರೆಸಿದಳು. ದ್ರಾವಣದಲ್ಲಿ ನೆನೆದ ಕೈಯಾದ್ದರಿಂದ ಬಣ್ಣ ಅಂಚಿನಿಂದ ಅಂಚಿಗೆ ಹರಡಿತು. ಅಷ್ಟು ಸಮನಾಗಿ ಸಾವಕಾರನ ಯಂತ್ರವೂ ಎಂದೂ ಬಣ್ಣ ಹಿಡಿಸಿರಲಿಲ್ಲ.

ಮಾರನೆಯ ದಿನ ಸಾವಕಾರ ಹೊಸ ಪಟ್ಟಿಯನ್ನು ಮಾದರಿಯ ಪಕ್ಕ ಹಿಡಿದವನು ಕುಣಿದುಬಿಟ್ಟ.

"ಕೂಡ್ತು! ಶೇಡ ಕೂಡ್ತಲೇ ಮುತ್ತಪ್ಪಾ!"

ಅವನ ಕಣ್ಣಿಗೆ ಸುಟ್ಟ ಬದನೆಕಾಯಿ ಒಂದೇ ರಾತ್ರಿಯಲ್ಲಿ ಗುಲಾಬಿಯಾಗಿತ್ತು. ನಮಗೂ ಎರಡೆರಡು ಫೇಡೆ ಸಿಕ್ಕವು, ಅವನ್ನೂ ಮುತ್ತಪ್ಪ ಮೇಲಿಂದಲೇ ಹಾಕಿದ. ಮೊಳೆಯ ಕಡೆ ನೋಡಿ ಸತ್ತೆವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಯವ್ವಾ, ನಾ ಕೈ ಒರಸಿದ್ದ ಚಿಂದಿ ಅಲ್ಲ, ಸ್ಯಾಂಪಲ್ಲ!"

"ಸುಮ್ನ ಫೇಡೇ ತಿನ್ನು" ಎಂದೆವು. ಇಡೀ ಲಾಟಿನ ಬಟ್ಟೆಯನ್ನು ಅದೇ ಬಣ್ಣದಲ್ಲಿ ಅದ್ದಿದೆವು.

ಮಾಲು ನೋಡಲು ಪಾರ್ಟಿಯ ಕಡೆಯಿಂದ ಮಯೂರಿ ಎಂಬಾಕೆ ಮುಂಬೈಯಿಂದ ಘಟಪ್ರಭಾಕ್ಕೆ ರೈಲಿನಲ್ಲಿ ಬಂದಿಳಿದಳು. ಆಕೆಯ ತಾಯಿಯ ತವರು ಹುಕ್ಕೇರಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಗೇಟಿನಲ್ಲಿ ಬೋರ್ಡಿನ ಫೋಟೋ ತೆಗೆದುಕೊಂಡಳು. ಸಾವಕಾರ ಖಾಲಿ ಚರಂಡಿಯನ್ನು ಮಗನ ಮದುವೆ ಮಂಟಪ ತೋರಿಸುವಂತೆ ತೋರಿಸಿದ. "ಒಂದ ಹನಿ ಬಣ್ಣದ ನೀರ ಹೊರಗ ಹೋಗೂದಿಲ್ರಿ ಮೇಡಂ!"

ಆಮೇಲೆ ಶೇಡು ನೋಡುವ ಬೆಳಕಿನ ಪೆಟ್ಟಿಗೆಯ ಮುಂದೆ ಬಂದರು. ಬಟ್ಟೆಯನ್ನೂ ಮಾದರಿಯನ್ನೂ ಒಳಗಿಟ್ಟು ಬೇರೆ ಬೇರೆ ದೀಪದಲ್ಲಿ ನೋಡುವ ಪೆಟ್ಟಿಗೆ ಅದು. ಮಯೂರಿ ತನ್ನ ಚೀಲದಿಂದ ಮಾದರಿಯ ಇನ್ನರ್ಧ ತೆಗೆದು ಇಟ್ಟಳು. ತಿಳಿ ಗುಲಾಬಿ. ಪಕ್ಕದಲ್ಲಿ ನಮ್ಮ ಬದನೆಕಾಯಿ.

"ಇದೇನ್ರಿ ಇದು?"

ಸಾವಕಾರ ನಮ್ಮ ಕಡೆ ತಿರುಗಿದ.

"ಯಾವಾಕಿ ಮಾಡ್ಯಾಳ ಇದನ್ನ? ಸ್ಯಾಂಪಲ್ಲಿಗೆ ಯಾವ ಹಾದರಗಿತ್ತಿ ಕೈ ಹಚ್ಚ್ಯಾಳ?"

ಸತ್ತೆವ್ವ ಮುಂದೆ ಬಂದಳು.

"ನಾನ ರಿ. ಕೈ ಒರಸೇನಿ."

"ಒರಸಾಕ ಪಾರ್ಟಿ ಸ್ಯಾಂಪಲ್ಲ ಬೇಕಿತ್ತೇನ ನಿನಗ?"

"ನಳಾ ಇದ್ರ ತೊಳಕೊಂತಿದ್ನಿರಿ."

ಹೇಳಿದವಳೇ ಬಲಗೈಯನ್ನು ಪೆಟ್ಟಿಗೆಯೊಳಗೆ ನಮ್ಮ ಬಟ್ಟೆಯ ಪಕ್ಕ ಇಟ್ಟುಬಿಟ್ಟಳು. ಮಯೂರಿ ರೂಢಿಯಂತೆ ಒಂದೊಂದೇ ಗುಂಡಿ ಒತ್ತಿದಳು. ಬಿಸಿಲಿನ ದೀಪ, ಟ್ಯೂಬ್‌ಲೈಟು, ಹಳದಿ ಬಲ್ಬು. ಕೈಯಾವುದು ಬಟ್ಟೆಯಾವುದು ತಿಳಿಯಲಿಲ್ಲ.

"ಎಲ್ಲಾ ಬೆಳಕಿನ್ಯಾಗೂ ಕೂಡೇತಿ" ಎಂದಳು ಮಯೂರಿ, ತನಗೆ ತಾನೇ.

"ಕೈ ತಗಿಯ ಹೊರಗ! ಮೊದಲ ತೊಳಕೊಂಡ ಬಾ ಹೋಗ!" ಸಾವಕಾರ ಅರಚಿದ.

"ಎಲ್ಲಿ ರಿ?"

"ಹೌದಲ್ರಿ, ಎಲ್ಲಿ ತೊಳಕೋತಾರ ಇವರು?" ಎಂದು ಮಯೂರಿಯೂ ಕೇಳಿದಳು. ಸತ್ತೆವ್ವ ಉತ್ತರಕ್ಕೆ ಕಾಯಲಿಲ್ಲ. ಆಫೀಸಿನ ಹೊಸ್ತಿಲು ದಾಟಿದಳು, ಹಿಂದೆಯೇ ನಾವೆಲ್ಲ. ಮುತ್ತಪ್ಪ ತಂಬಿಗೆ ಹಿಡಿದು ಓಡಿ ಬಂದ.

"ಏ, ಕುಂದರ್ರಿ ಹೊರಗ! ನಾ ಹೊಯ್ತೇನಿ!"

"ನೀ ಹೊಯ್ದದ್ದ ಸಾಕಪಾ" ಎಂದು ಸತ್ತೆವ್ವ ತಂಬಿಗೆ ಕಸಿದು ಮೇಜಿನ ಮೇಲೆ ಕುಕ್ಕಿ, ತಾನೇ ನಳ ತಿರುವಿದಳು. ಸಾವಕಾರನ ಗಂಧದ ಸಾಬೂನು ಕೈಯಿಂದ ಕೈಗೆ ಹೋಯಿತು. ಬಿಳಿ ಬೇಸಿನ್ನು ಬದನೆಕಾಯಿಯಾಯಿತು. ನಮಗೆ ಎಷ್ಟು ಖುಷಿಯಾಯಿತೆಂದರೆ ಮೊಣಕೈವರೆಗೆ ತೊಳೆದೆವು, ಮುಖ ತೊಳೆದೆವು, ಬಾಯಿ ಮುಕ್ಕಳಿಸಿದೆವು.

ಹೊರಗೆ ಸಾವಕಾರನ ಖಾಲಿ ಚರಂಡಿಯಲ್ಲಿ ಬಣ್ಣದ ನೀರು ಹರಿಯತೊಡಗಿತು. ಗೋಡೆಯಗುಂಟ ಬಂದು, ಮಯೂರಿಯ ಚಪ್ಪಲಿಯ ಪಕ್ಕ ಹಾದು, ನೀರಿಲ್ಲದ ಕಾರ್ಖಾನೆಯ ಬೋರ್ಡಿನ ಬುಡಕ್ಕೆ ಹೋಗಿ ನಿಂತಿತು. ಆಕೆ ಫೋಟೋ ತೆಗೆಯಲು ಮತ್ತೆ ಫೋನು ಎತ್ತಿದಳು.

"ನಳಾ ಬಂದ ಮಾಡ್ರಿ! ನಿಮ್ಮೌನ, ನಾಳಿಂದ ಒಬ್ಬಾಕಿನೂ ಕೆಲಸಕ್ಕ ಬರಬ್ಯಾಡ್ರಿ! ಬಂದ ಮಾಡ್ರಿ!" ಎಂದು ಸಾವಕಾರ ಹೊರಗಿನಿಂದ ಒದರಿದ.

ಗೇಟಿನಲ್ಲಿ ಚನ್ನವ್ವನ ಅತ್ತೆ ಬಂದು ನಿಂತಿದ್ದಳು. ಕೂಸು ಚೀರುತ್ತಿತ್ತು. ಸತ್ತೆವ್ವ ನಳವನ್ನು ಇನ್ನೊಂದು ಸುತ್ತು ಬಿಚ್ಚಿ, ಕಿಟಕಿಯಿಂದ ಕೂಗಿದಳು.

"ತಡೀರಿ ಸಾವಕಾರ್ರ. ಇನ್ನ ಚನ್ನವ್ವಂದ ಆಗಿಲ್ಲ."