ನಾಯಿಗಳು ಹಿಡಿದ ದಾರಿ

ಮತ್ತೆ ನಿಂತುಬಿಟ್ಟವಲ್ಲ, ಎರಡೂ ಒಟ್ಟಿಗೆ, ಝಬ್ರುವಿನ ಬಾಲ ಅತ್ತೊಮ್ಮೆ ಇತ್ತೊಮ್ಮೆ, ಮೋತಿ ಮೂಗೆತ್ತಿ ಗಾಳಿ ಮೂಸುತ್ತಿದೆ, ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಕಾಲಡಿ ಹಪ್ಪಳದ ಹಾಗೆ ಮುರಿಯುತ್ತಿದೆ, ನಡೀರೋ ಅಂದರೆ ಕೇಳುವವರು ಯಾರು, ಹಂಸಿಗೆ ನಗುವೂ ಬಂತು, ಭಯವೂ ಬಂತು — ಕರುವಿನಷ್ಟು ಎತ್ತರದ ನಾಯಿಗಳು, ಚಿರತೆ ಬಾಯಿ ಹಾಕದಿರಲೆಂದು ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ, ಹಗ್ಗ ಹಿಡಿದವಳು ತಾನಾದರೂ ಎಳೆಯುತ್ತಿರುವುದು ಅವೇ. ಹಲ್ದ್ವಾನಿಯ ಬಯಲಲ್ಲಿ ಬೆಳೆದವಳಿಗೆ ಬೆಟ್ಟದ ನಾಯಿಗಳ ಸಹವಾಸ ಎಲ್ಲಿಂದ ಬರಬೇಕು, ಮದುವೆಯಾಗಿ ಬಂದದ್ದೇ ದೀಪಾವಳಿ ಕಳೆದ ಮೇಲೆ, ಗಂಡ ಪೂರನ್ ಬೆಳಗಾದರೆ ಜೀಪು ಹತ್ತಿ ಅಲ್ಮೋಡಾಕ್ಕೆ, ಮನೆಯಲ್ಲಿ ಉಳಿಯುವುದು ಅತ್ತೆ, ಅವನಂತೆ ಇವಳೂ ಅವರನ್ನು ಅಮ್ಮ ಎಂಬರ್ಥದಲ್ಲಿ ಇಜಾ ಎಂದೇ ಕರೆಯುವುದು, ಆದರೆ ಅವರ ಬಾಯಲ್ಲಿ ಮಾತಿಗೇ ಬರ — ಹೂಂ, ಉಪ್ಪು ಸಾಕು, ಹಾಲು ಉಕ್ಕೀತು, ಅಷ್ಟೇ. ಬೆಳಗ್ಗೆ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿದಾಗಲೂ ಅಯ್ಯೋ ಅನ್ನಲಿಲ್ಲ, ಅರಿಶಿನ ಹಚ್ಚಿಸಿಕೊಳ್ಳುತ್ತಾ, ನಾಯಿಗಳನ್ನ ಇವತ್ತು ನೀನು ಕರ್ಕೊಂಡ್ಹೋಗು ಸೊಸೆ, ಒರತೆವರೆಗೆ ಹೋಗಿ ಬಂದ್ಬಿಡು, ಬೇರೆಲ್ಲೂ ಬೇಡ ಎಂದರು, ಸೊಸೆ, ಯಾವಾಗಲೂ ಸೊಸೆ, ಹೆಸರು ಹಿಡಿದು ಒಂದು ದಿನವೂ ಕರೆದಿಲ್ಲ, ನಾನು ಹಿಡಿಸಿಲ್ಲ ಅವರಿಗೆ, ಮತ್ತಿನ್ನೇನು — ಏ, ಏ, ಒರತೆ ಬಲಕ್ಕೆ ಕಣ್ರೋ, ಇವು ಎಡಕ್ಕೆ, ಏರಿಗೆ, ಓಡುತ್ತಲೇ, ಹಂಸಿಯ ಶಾಲು ಒಂದು ಕಡೆ, ಚಪ್ಪಲಿ ಒಂದು ಕಡೆ.

ಏರು ಮುಗಿದಲ್ಲಿ ಒಂದು ಅಂಗಳ, ಅಂಗಳದ ತುಂಬ ಬಿಸಿಲು, ನಾಯಿಗಳು ತವರಿಗೆ ಬಂದಂತೆ ಮೈಚಾಚಿದವು, ಬೋಗುಣಿಯಲ್ಲಿ ಬೆಟ್ಟದ ನಿಂಬೆ ಬಿಡಿಸಿ ಮೊಸರಿನಲ್ಲಿ ಕಲಸುತ್ತಿದ್ದ ಮುದುಕಿ, ಊರೆಲ್ಲ ಝುಪುಲಿಯಜ್ಜಿ ಎನ್ನುವವಳು, ಬಂದ್ರಾ ನನ್ನ ಅಳಿಯಂದಿರು ಎಂದು ಒಂದೊಂದು ತುತ್ತು ಅವುಗಳ ಮುಂದಿಟ್ಟಳು, ಎಲ್ಲಿ ಬಚುಲಿ ಇವತ್ತು. ಇಜಾಗೆ ಕಾಲು ಉಳುಕಿದೆ ಅಜ್ಜಿ. ಹಾಗಾದ್ರೆ ನೀನೇನಾ ಆ ಹಾಡೋಳು. ನಾನಾ. ಇನ್ಯಾರು, ರಾಗಿ ರೊಟ್ಟಿ ತಟ್ತಾ ಹಾಡ್ತೀಯಂತಲ್ಲ, ನಿನ್ನತ್ತೆ ದಿನಾ ಬಂದು ನಮ್ಮ ಕಿವಿ ತೂತು ಮಾಡ್ತಾಳೆ, ನಮ್ಮ ಹಂಸಿ ಹಿಂಗೆ ಹಾಡಿದ್ಲು, ನಮ್ಮ ಹಂಸಿ ಹಂಗೆ ಹಾಡಿದ್ಲು, ಆಮೇಲೆ ತಾನೂ ಹಾಡಿ ತೋರಿಸ್ತಾಳೆ ಮಾರಾಯ್ತಿ, ಎಮ್ಮೆ ಕೂಗಿದ ಹಾಗೆ. ನಮ್ಮ ಹಂಸಿ ಅಂತಾರಾ. ಅದಲ್ದೆ, ಅವಳು ಒಳಗೆ ಬಂದ್ರೆ ನೀನು ನಿಲ್ಲಿಸಿಬಿಡ್ತೀಯಂತೆ, ಅದಕ್ಕೇ ತಲೆ ಮೇಲೆ ಸೌದೆ ಹೊರೆ ಹೊತ್ಕೊಂಡೇ ಬಾಗಿಲ ಹೊರಗೆ ನಿಂತಿರ್ತಾಳಂತೆ, ಹಾಡು ಮುಗಿಯೋವರೆಗೂ.

ತಲೆಯ ಮೇಲೆ ಸೌದೆ, ಈ ಚಳಿಯಲ್ಲಿ — ಅಜ್ಜಿ ಅಂಗೈಗೆ ಹಾಕಿದ ನಿಂಬೆಯ ಹುಳಿಗೆ ಕಣ್ಣು ಮುಚ್ಚಿತು, ಮುಚ್ಚಿದ ಕಣ್ಣೊಳಗೂ ಇಜಾ ನಿಂತಿದ್ದರು, ಭಾರಕ್ಕೆ ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತಾ, ಕೆಮ್ಮು ಬಂದರೆ ನುಂಗುತ್ತಾ, ಬಾಯಿ ಮುಚ್ಚು ಅಂದಾರೆಂದು ಬಾಗಿಲು ಕಿರ್ ಎಂದೊಡನೆ ನಿಲ್ಲಿಸುತ್ತಿದ್ದೆನಲ್ಲ, ಪೆದ್ದಿ ನಾನು, ಪೆದ್ದಿ, ಇಳಿಜಾರಿನಲ್ಲಿ ಈಗ ಓಡುತ್ತಿರುವವಳು ಹಂಸಿ, ಎಳೆಸಿಕೊಳ್ಳುತ್ತಿರುವವು ನಾಯಿಗಳು, ಪೈನ್ ಮರಗಳ ನಡುವೆ ಬಿಸಿಲು ಚೂರು ಚೂರಾಗಿ ಮುಖಕ್ಕೆ ಬೀಳುತ್ತಿದೆ, ಆಗಲೇ ಮನೆ, ಚಾಪೆಯ ಮೇಲೆ ಕಾಲು ಚಾಚಿ ಕುಳಿತ ಇಜಾ, ಎಲ್ಲೀವರೆಗೆ ಹೋಗಿದ್ದೆ. ಒರತೆವರೆಗೆ ಇಜಾ. ಇಜಾ ಮೋತಿಯ ಮೂತಿ ನೋಡಿದರು, ಮೀಸೆಗೆಲ್ಲ ಮೊಸರು. ಒರತೇಲಿ ಈಗ ಮೊಸರು ಬರ್ತಿದೆಯಾ. ಹೂಂ ಇಜಾ, ನಿಂಬೆಹಣ್ಣೂ ಬರ್ತಿದೆ. ಇಜಾ ಮುಖ ಆಚೆ ತಿರುಗಿಸಿದರು, ಹೆಗಲು ಕುಲುಕುತ್ತಿತ್ತು, ಆ ಮುದುಕಿ ಏನೇನು ಒದರಿದ್ಲು. ಏನಿಲ್ಲ, ನೀವು ಚೆನ್ನಾಗಿ ಹಾಡ್ತೀರಂತೆ. ಹೋಗು ಹೋಗು, ಹಿಟ್ಟು ಕಲಸು — ಹಂಸಿ.

ಕಲಸುತ್ತಿದ್ದಾಳೆ, ಬಾಗಿಲು ಪೂರ್ತಿ ತೆರೆದಿಟ್ಟು, ಒಲೆಯ ಬಿಸಿಯೆಲ್ಲ ಹೊರಗೆ ಹೋದರೆ ಹೋಗಲಿ, ಮೊದಲ ಸಾಲು ಹೊರಟಿತು, ಅಂಗಳಕ್ಕೆ ಕೇಳುವಷ್ಟು ಜೋರಾಗಿ, ಎರಡನೆಯ ಸಾಲಿಗೆ ಕೈ ಹಿಟ್ಟಿನಲ್ಲೇ ನಿಂತಿತು, ಮುಂದಿನ ಪದವೇ ನೆನಪಾಗುತ್ತಿಲ್ಲ — ಕಣ್ಣ ಮುಂದೆ ಇಷ್ಟು ದಿನದ ಆ ಮುಚ್ಚಿದ ಬಾಗಿಲು, ಅದರಾಚೆ ಇಜಾರ ಹೊಗೆಯಾಡುವ ಉಸಿರು, ತಲೆಯ ಮೇಲೆ ಸೌದೆ.