ಶಾಂತಾಬಾಯಿಯ ಗಾಬರಿ

ಬೆಳಗಿನ ವಾಕಿಂಗ್ ಮುಗಿಸಿ ಬಂದ ಶಿವರಾಯರು ಚಪ್ಪಲಿ ಬಿಡುವ ಮೊದಲೇ ಎಡಗೈ ಎತ್ತಿ ಮಣಿಕಟ್ಟು ನೋಡಿಕೊಂಡರು. “ಎಪ್ಪತ್ತೆರಡು!” ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದರು. ಅದು ಅವರ ಎದೆಬಡಿತ. ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ ಓಂಕಾರ, ಅಪ್ಪನಿಗೆ ಎಪ್ಪತ್ತು ತುಂಬಿದಾಗ ಬಡಿತ ತೋರಿಸುವ ವಾಚು ತಂದು ಕಟ್ಟಿದ್ದ. ಅಂದಿನಿಂದ ಹಾಲಿನವನಿಗೂ ಶಿವರಾಯರ ಎದೆಯ ಲೆಕ್ಕ ಗೊತ್ತು.

ಹೆಂಡತಿ ಶಾಂತಾಬಾಯಿಗೆ ಅವರಿಗಿಂತ ಎರಡೇ ವರ್ಷ ಕಡಿಮೆ. ಆಕೆಗೂ ಒಂದು ಎದೆಯಿದೆ, ಅದೂ ಹೆಚ್ಚುಕಡಿಮೆ ಅಷ್ಟೇ ವರ್ಷಗಳಿಂದ ಬಡಿಯುತ್ತಿದೆ ಎಂಬುದು ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ. ಹೊಳೆದಿರಲಿಲ್ಲ, ಅಷ್ಟೇ.

“ಇವತ್ತ ಮತ್ತ ಗಾಬರಿ ಆಗ್ಲತದರಿ,” ಎಂದರು ಶಾಂತಾಬಾಯಿ, ಚಹಾದ ಕಪ್ಪು ಕೊಡುತ್ತ.

“ಯಾಕ ಗಾಬರಿ? ಮನ್ಯಾಗ ಹುಲಿ ಬಂದದೇನು?” ಎಂದು ಶಿವರಾಯರು ನಕ್ಕರು. “ನಾ ಇದ್ದೀನಿ, ಮಗ ಇದ್ದಾನ. ಆರಾಮ ಕೂಡು.”

ಶಾಂತಾಬಾಯಿ ಕೂತುಕೊಳ್ಳಲಿಲ್ಲ. ಒಲೆಯ ಮೇಲೆ ಹಂಚು ಕಾದಿತ್ತು.

ಇಬ್ಬರೂ ಬೀದರ ಜಿಲ್ಲೆಯ ಭಾಲ್ಕಿಯ ಕಡೆಯವರು. ಬಟ್ಟೆ ವ್ಯಾಪಾರಕ್ಕೆಂದು ಸಂಭಾಜಿನಗರಕ್ಕೆ ಬಂದು ನಲವತ್ತು ವರ್ಷಗಳ ಮೇಲಾಯಿತು. ಭಾಲ್ಕಿಯಲ್ಲಿ ಗಾಬರಿ ಎಂದರೆ ಹೆದರಿಕೆ. ಈ ಊರಿನ ಮರಾಠಿ ಹೆಂಗಸರು ‘ಜೀವ ಘಾಬರಾ ಹೋತೊ’ ಎಂದರೆ ಅದು ಬೇರೆಯೇ. ಎದೆ ಡವಡವ ಹಾರಿ, ಉಸಿರು ಸಾಲದೆ, ಜೀವ ಒದ್ದಾಡುವುದಕ್ಕೆ ಆ ಮಾತು. ಕಾಯಿಪಲ್ಯದ ಸಂತೆಯಲ್ಲಿ, ನಲ್ಲಿಯ ಮುಂದೆ, ಮರಾಠಿ ಗೆಳತಿಯರ ಜೊತೆ ಮಾತಾಡಿ ಮಾತಾಡಿ ಶಾಂತಾಬಾಯಿಯ ಕನ್ನಡದೊಳಗೆ ಆ ಅರ್ಥ ಸದ್ದಿಲ್ಲದೆ ಸೇರಿಕೊಂಡಿತ್ತು. ಶಿವರಾಯರಿಗೂ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೆ ಮರಾಠಿಯ ಕಿವಿಯನ್ನು ಅಂಗಡಿಯಲ್ಲೇ ಬಿಟ್ಟು, ಭಾಲ್ಕಿಯ ಕಿವಿ ಇಟ್ಟುಕೊಂಡು ಮನೆಗೆ ಬರುವುದು ಅವರ ರೂಢಿ.

ಈ ಕಿವಿಯಿಂದಲೇ ಹೋದ ತಿಂಗಳು ಎಡವಟ್ಟಾಗಿತ್ತು. ಶಿವರಾಯರು ತಮ್ಮ ಬಿಪಿ ತೋರಿಸಲು ಹೋದಾಗ ಹೆಂಡತಿಯನ್ನೂ ಕರೆದೊಯ್ದಿದ್ದರು. ಡಾಕ್ಟರು ಕೊನೆಯಲ್ಲಿ, “ಆಜಿ, ನಿಮಗೇನಾಗ್ತದೆ?” ಎಂದು ಮರಾಠಿಯಲ್ಲಿ ಕೇಳಿದರು. ಶಾಂತಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಶಿವರಾಯರೇ, “ತಿಲಾ ಭೀತಿ ವಾಟತೇ,” ಎಂದುಬಿಟ್ಟರು. ಅವಳಿಗೆ ಭಯವಾಗುತ್ತದಂತೆ. ಭಯಕ್ಕೆ ಎದೆ ಪರೀಕ್ಷೆ ಯಾರು ಮಾಡುತ್ತಾರೆ? ಡಾಕ್ಟರು ನಿದ್ದೆಯ ಗುಳಿಗೆ ಬರೆದರು. ಶಾಂತಾಬಾಯಿ ನಿದ್ದೆ ಮಾಡಿದರು. ಎದ್ದ ಮೇಲೆ ಎದೆ ಮತ್ತೆ ಹಾರುತ್ತಿತ್ತು.

“ನನಗ ಹೇಳ್ಲಿಕ್ಕೆ ಬಿಡಬೇಕಿತ್ತು,” ಎಂದು ಹೊರಗೆ ಬಂದು ಒಮ್ಮೆ ಅಂದಿದ್ದರು.

“ನಿಂದು ಸಂತಿ ಮರಾಠಿ. ತಪ್ಪು ಮಾತಾಡಿದ್ರ ಡಾಕ್ಟರ್ ಏನ್ ತಿಳ್ಕೋತಾನ? ನಿನಗ ನಾಚಿಕಿ ಆಗಬಾರದಂತ ನಾ ಹೇಳ್ದೆ,” ಎಂದಿದ್ದರು ಶಿವರಾಯರು. ಅದು ಸುಳ್ಳಲ್ಲ. ಹೆಂಡತಿಗೆ ಉಪಕಾರ ಮಾಡಿದೆನೆಂದೇ ಅವರು ನಂಬಿದ್ದರು.

ಭಾನುವಾರ ಸೊಸೆ ಅಲಕಾ ಅತ್ತೆಯ ಪಕ್ಕದಲ್ಲಿ ಕೂತು ಹಿಟ್ಟು ನಾದುತ್ತಿದ್ದಳು. ಆಕೆ ನಾಸಿಕದ ಮರಾಠಿ ಹುಡುಗಿ. ಕನ್ನಡ ಅರ್ಧ ಕಲಿತಿದ್ದಳು. ರೊಟ್ಟಿ ಬಡಿಯುತ್ತಿದ್ದ ಶಾಂತಾಬಾಯಿ ತಟ್ಟನೆ ಕೈ ನಿಲ್ಲಿಸಿ, ಗೋಡೆಗೆ ಒರಗಿ, “ಗಾಬರಿ ಆಗ್ಲತದ,” ಎಂದರು. ಅಲಕಾ ನಗಲಿಲ್ಲ. ಆಕೆಗೆ ಆ ಮಾತು ಮರಾಠಿಯಲ್ಲೇ ಕೇಳಿಸಿತು.

“ಆಯಿ, ಛಾತಿ ಧಡಧಡ ಅಂತದಾ?”

“ಹೂಂ ಅವ್ವಾ. ತಿಂಗಳಿಂದ ಅದನ್ನೇ ಹೇಳ್ಲತೀನಿ.”

ಅಲಕಾ ಕೈ ತೊಳೆದು ಬಂದು ಅತ್ತೆಯ ಬಳೆಗಳನ್ನು ಮೇಲೆ ಸರಿಸಿದಳು. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಬಡಿತ ಎಣಿಸಿದಳು. ನಂತರ ಶಾಂತಾಬಾಯಿಯ ಬೆರಳುಗಳನ್ನೇ ಅಲ್ಲಿ ಇಟ್ಟಳು. “ನೀವೇ ನೋಡ್ರಿ ಆಯಿ. ಹೆಂಗ್ ಬಡೀತದ?”

ಶಾಂತಾಬಾಯಿ ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಹೊಸ ಸೊಸಿ ರೊಟ್ಟಿ ಬಡದಂಗ ಅದ. ಎರಡು ಭರಭರ ಬಡೀತದ, ಆಮ್ಯಾಲ ನಿಂತೇ ಬಿಡ್ತದ.”

ಅಲಕಾಳ ಮುಖ ಬಾಡಿತು. ನಾಸಿಕದಲ್ಲಿ ಆಕೆಯ ತಂದೆಗೂ ಹೀಗೇ ಆಗುತ್ತಿತ್ತು. ಮನೆಯವರು ಗ್ಯಾಸ್ ಎಂದು ಬಿಟ್ಟರು. ಒಂದು ಬೆಳಿಗ್ಗೆ ಅವರ ಬಲಗೈಯಿಂದ ಚಹಾದ ಕಪ್ಪು ಜಾರಿತು, ಮಾತು ನಿಂತಿತು. ಬಡಿತ ತಾಳ ತಪ್ಪಿದರೆ ಎದೆಯಲ್ಲಿ ರಕ್ತ ಗಡ್ಡೆಗಟ್ಟಿ ಮೆದುಳಿಗೆ ಹೋಗಬಹುದೆಂದು ಡಾಕ್ಟರು ಆಮೇಲೆ ತಿಳಿಸಿದರು. ಇವತ್ತಿಗೂ ಅವರಿಗೆ ಬೇರೆಯವರೇ ತುತ್ತು ಹಾಕಬೇಕು. ನಾಡಿ ನೋಡುವುದನ್ನು ಆ ಮನೆಯವರೆಲ್ಲ ಕಲಿತದ್ದು ಅದಾದ ಬಳಿಕ.

ಅಲಕಾ ಇದನ್ನು ಮಾವನಿಗೆ ಹೇಳಿದಳು. ಶಿವರಾಯರು ಪೇಪರ್ ಮಡಚಿದರು. “ಬೆರಳಿಗೆ ಏನ್ ತಿಳೀತದ? ಮಷೀನ್ ಅದ ಅಲ್ಲ, ನೋಡೋಣ,” ಎಂದು ವಾಚು ಬಿಚ್ಚಿ, ಮೊದಲ ಬಾರಿಗೆ ಹೆಂಡತಿಯ ಕೈಗೆ ಕಟ್ಟಿದರು.

ಎಂಬತ್ತನಾಲ್ಕು ಬಂತು. “ನೋಡ್ದಿ? ಚಲೋನೇ ಅದ,” ಎಂದರು. ಅಷ್ಟರಲ್ಲಿ ಅಂಕಿ ನೂರಿಪ್ಪತ್ತು ದಾಟಿತು, ಅಲ್ಲಿಂದ ಎಪ್ಪತ್ತಕ್ಕೆ ಇಳಿಯಿತು, ಮತ್ತೆ ಏರಿತು. ಶಾಂತಾಬಾಯಿ ಕೂತ ಜಾಗದಿಂದ ಅಲುಗಿರಲಿಲ್ಲ.

“ವಾಚ್ ಕೆಟ್ಟದ,” ಎಂದರು ಶಿವರಾಯರು. ಬಿಚ್ಚಿ ತಮ್ಮ ಕೈಗೆ ಕಟ್ಟಿಕೊಂಡರು. ಎಪ್ಪತ್ತೆರಡು. ಬಹಳ ಹೊತ್ತು ನೋಡಿದರೂ ಅಲ್ಲಲ್ಲೇ ನಿಂತಿತ್ತು. ಮತ್ತೆ ಹೆಂಡತಿಯ ಕೈಗೆ ಕಟ್ಟಿದರು. ಮತ್ತೆ ಅದೇ ಕುಣಿತ.

“ನಿಮ್ಮ ಕೈಯಾಗ ಸರಿ ಇರೋ ವಾಚ್, ನನ್ನ ಕೈಗೆ ಬಂದ್ರ ಕೆಡ್ತದೇನ್ರಿ?” ಎಂದರು ಶಾಂತಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

ಈಗ ಗಾಬರಿಯಾದದ್ದು ಶಿವರಾಯರಿಗೆ, ಅಪ್ಪಟ ಭಾಲ್ಕಿಯ ಗಾಬರಿ. ಇಷ್ಟು ವರ್ಷ ಜೊತೆಗಿದ್ದವಳು ತಮ್ಮ ಕಣ್ಣೆದುರೇ ಮಾತು ಕಳೆದುಕೊಂಡು ಮಲಗಬಹುದಿತ್ತು ಎಂದು ನೆನೆದು ಅವರು ಹೆಂಡತಿಯ ಪಕ್ಕಕ್ಕೆ ಬಂದು ಕೂತರು.

“ಎಷ್ಟು ದಿನದಿಂದ ಹಿಂಗ ಆಗ್ತದ?” ಎಂದು ಮೆಲ್ಲಗೆ ಕೇಳಿದರು.

“ನೀವು ಹುಲಿ ಬಂದದೇನು ಅಂತ ಕೇಳ್ಲಿಕ್ಕೆ ಸುರು ಮಾಡಿದಾಗಿಂದ.”

ಓಂಕಾರ ಅದೇ ಡಾಕ್ಟರಿಗೆ ಫೋನ್ ಮಾಡಿ ಮರುದಿನದ ಸರದಿ ಹಿಡಿದ.

ಡಾಕ್ಟರ ಮೇಜಿನ ಎದುರು ಒಂದು ಕುರ್ಚಿ, ಬಾಗಿಲ ಬಳಿ ಒಂದು ಸ್ಟೂಲು. ರೂಢಿಯಂತೆ ಕುರ್ಚಿಯಲ್ಲಿ ಕೂತ ಶಿವರಾಯರು ಕೂಡಲೇ ಎದ್ದು, “ನೀ ಇಲ್ಲಿ ಕೂಡು,” ಎಂದು ಹೆಂಡತಿಗೆ ಜಾಗ ಬಿಟ್ಟು ಸ್ಟೂಲಿಗೆ ಹೋದರು.

“ಮತ್ತೆ ಭಯವೇ, ಆಜಿ?” ಎಂದು ಡಾಕ್ಟರು ನಗುತ್ತ ಕೇಳಿದರು.

“ಭೀತಿ ನಾಹೀ, ಡಾಕ್ಟರ್. ಜೀವ ಘಾಬರಾ ಹೋತೊ,” ಎಂದರು ಶಾಂತಾಬಾಯಿ. ಮುಂದಿನದು ಮರಾಠಿ ಅರ್ಧ, ಕನ್ನಡ ಅರ್ಧ. ಸಾಲದ್ದಕ್ಕೆ ಕೈಯಿಂದ ಮೇಜು ಬಡಿದು ತಮ್ಮ ಎದೆ ಹೇಗೆ ಬಡಿಯುತ್ತದೆಂದು ತೋರಿಸಿದರು. ಸ್ಟೂಲಿನ ಮೇಲೆ ಶಿವರಾಯರ ತುಟಿ ಎರಡು ಸಲ ಅಲುಗಿತು. ಮಾತು ಹೊರಗೆ ಬರಲಿಲ್ಲ.

ಡಾಕ್ಟರ ನಗು ನಿಂತಿತು. ಇಸಿಜಿ ತೆಗೆಸಿದರು. ಕಾಗದದ ಮೇಲಿನ ಗೆರೆಗಳ ನಡುವಿನ ಅಂತರ ಒಂದೊಂದು ಒಂದೊಂದು ತೆರನಾಗಿತ್ತು. ಸಮಯಕ್ಕೆ ಬಂದಿರಿ, ರಕ್ತ ಗಡ್ಡೆಗಟ್ಟದಂತೆ ಗುಳಿಗೆ ಕೊಡುತ್ತೇನೆ, ಇನ್ನೂ ಕೆಲವು ಪರೀಕ್ಷೆ ಆಗಬೇಕು ಎಂದರು. ಬರೆದು ಮುಗಿಸಿ ಚೀಟಿ ಕೈಗೆತ್ತಿಕೊಂಡವರು ಶಾಂತಾಬಾಯಿಯ ತಲೆಯ ಮೇಲಿಂದ ಶಿವರಾಯರ ಕಡೆ ನೋಡಿದರು.

“ನೋಡಿ, ಇವರ ನಾಡಿಯನ್ನು ದಿನಾ ಬೆಳಿಗ್ಗೆ...”

ಶಿವರಾಯರು ಕೈ ಎತ್ತಿ ತಡೆದರು.

“ತಿಲಾಚ ಸಾಂಗಾ, ಡಾಕ್ಟರ್,” ಎಂದರು. “ಆಕಿಗೇ ಹೇಳ್ರಿ.”

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಶಾಂತಾಬಾಯಿಯ ಮುಖ ನೋಡುತ್ತ ಮೊದಲಿನಿಂದ ಶುರುಮಾಡಿದರು.