ಡ್ರಾಯಿಂಗ್ ಮೇಷ್ಟ್ರ ಗಾಡಿಯ ಕಾಯಿಲೆ

ನಗರಗೆರೆಯ ಹೈಸ್ಕೂಲಿನಲ್ಲಿ ಮುನಿನಾರಾಯಣಪ್ಪನವರು ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ಓಬಳಮ್ಮ ಅದೇ ಊರಿನ ನರ್ಸು. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ಕರೆಯುತ್ತಿದ್ದುದು ಆಕೆಯನ್ನೇ. ಬಸ್ಸು ದಿನಕ್ಕೆ ಎರಡೇ ಸಲ. ನೋವು ಬಸ್ಸಿನ ಹೊತ್ತು ನೋಡಿಕೊಂಡು ಬರುವುದಿಲ್ಲವಲ್ಲ. ಹಾಗಾಗಿ 1985ರಲ್ಲಿ ಮೇಷ್ಟ್ರು ಚಿಂತಾಮಣಿಗೆ ಹೋಗಿ, ನಿವೃತ್ತ ಸರ್ವೇಯರೊಬ್ಬರು ಇಪ್ಪತ್ತು ವರ್ಷ ಓಡಿಸಿದ್ದ ಮೋಟಾರ್ ಸೈಕಲ್ಲನ್ನು ಕೊಂಡು ತಂದರು. ಒಂದು ಭಾನುವಾರವಿಡೀ ಕೂತು, ಉಸಿರು ಬಿಗಿಹಿಡಿದು, ಅದರ ಕಪ್ಪು ಟ್ಯಾಂಕಿನ ಎರಡೂ ಕಡೆ ಬಂಗಾರದ ಬಣ್ಣದ ಗೆರೆ ಎಳೆದರು. ಆಮೇಲೆ ಮೇಷ್ಟ್ರು ಮುಂದೆ, ಔಷಧಿ ಚೀಲ ತೊಡೆಯ ಮೇಲಿಟ್ಟುಕೊಂಡ ನರ್ಸಮ್ಮ ಹಿಂದೆ. ಆ ಜೋಡಿ ಕಾಣದ ರಸ್ತೆಯೇ ಆ ಕಡೆ ಇರಲಿಲ್ಲ.

ಒಂದು ವರ್ಷ ಗಾಡಿ ಗೊಣಗದೆ ಓಡಿತು. ಎರಡನೆಯ ವರ್ಷ ಅದಕ್ಕೆ ಕಾಯಿಲೆ ಹತ್ತಿತು.

ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದು. ಲೈಟು ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಇಂಜಿನ್ ಮಾತ್ರ ಮಾತಾಡದು. ಕೊನೆಗೆ ಪಕ್ಕದ ಮನೆಯ ಮುನಿಗಂಗಪ್ಪನನ್ನು ಕರೆದು ರಸ್ತೆಯಲ್ಲಿ ನೂಕಿಸಿದರೆ ಹೊರಡುತ್ತದೆ. ಹೊರಟ ಮೇಲೆ ದಿನವಿಡೀ ತಕರಾರಿಲ್ಲ. ಗೌರಿಬಿದನೂರಿನ ರೈಲ್ವೆ ಸ್ಟೇಷನ್ ಹತ್ತಿರದ ಎರ್ರಪ್ಪನ ಶೆಡ್ಡಿಗೆ ಒಯ್ದರೆ, ಅವನು ಹೊಡೆದ ಮೊದಲ ಕಿಕ್ಕಿಗೇ ಡಬಡಬ ಎನ್ನುತ್ತದೆ.

"ಇದಕ್ಕೇನಾಗಿದೆ ಮೇಷ್ಟ್ರೇ, ಹುಡುಗಿ ಇದ್ದಂಗಿದೆ!" ಎಂದು ಎರ್ರಪ್ಪ ನಗುತ್ತಿದ್ದ. ಆದರೂ ಒಂದು ಸಲ ಪ್ಲಗ್ ಬದಲಿಸಿದ. ಇನ್ನೊಂದು ಸಲ ಪಾಯಿಂಟ್ ಉಜ್ಜಿ, ಕಂಡೆನ್ಸರ್ ಹೊಸದು ಹಾಕಿದ. ಮತ್ತೊಂದು ಸಲ ಬ್ಯಾಟರಿಗೆ ನೀರು ತುಂಬಿ ಚಾರ್ಜಿಗಿಟ್ಟ. ಪ್ರತಿ ಸಲವೂ ಮೇಷ್ಟ್ರು ಖುಷಿಯಿಂದ ಮನೆಗೆ ಬರುತ್ತಿದ್ದರು. ಮಾರನೆಯ ಬೆಳಿಗ್ಗೆ ಮತ್ತೆ ಮುನಿಗಂಗಪ್ಪನನ್ನು ಕರೆಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಏಳು ಗಂಟೆಗೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಿಂದ ನಲ್ಲಪ್ಪ ಎಂಬ ರೈತ ಸೈಕಲ್ ತುಳಿದುಕೊಂಡು ಬಂದ. ಹೆಂಡತಿ ಆಂಜಿನಮ್ಮನಿಗೆ ಚೊಚ್ಚಲ ಹೆರಿಗೆ, ನೋವು ಜೋರಾಗಿತ್ತು. ಓಬಳಮ್ಮ ಚೀಲ ಹಿಡಿದು ನಿಂತಳು. ಮೇಷ್ಟ್ರು ನಡವೆಯಲ್ಲೇ ಕಿಕ್ ಹೊಡೆದರು. ಮನೆಯ ಮುಂಬಾಗಿಲ ಒಳಗಿನ ಆ ಇಕ್ಕಟ್ಟಾದ ದಾರಿಯೇ ಗಾಡಿ ನಿಲ್ಲುವ ಜಾಗ. ಹತ್ತು ಕಿಕ್, ಇಪ್ಪತ್ತು ಕಿಕ್. ಅಂಗಿ ಬೆವರಿಗೆ ಅಂಟಿತು. ನಲ್ಲಪ್ಪ ಕೈ ಹಿಸುಕಿಕೊಳ್ಳುತ್ತಾ ಒಮ್ಮೆ ಗಾಡಿಯನ್ನೂ ಒಮ್ಮೆ ನರ್ಸಮ್ಮನನ್ನೂ ನೋಡಿದ. ಕಡೆಗೆ ಗಾಡಿಯನ್ನು ಬೀದಿಗೆ ಇಳಿಸಿದರು. ಮುನಿಗಂಗಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬರುವಷ್ಟರಲ್ಲಿ, ಸುಮ್ಮನೆ ಎಂದು ಮೇಷ್ಟ್ರು ಇನ್ನೊಂದು ಕಿಕ್ ಹೊಡೆದರು. ಸ್ಟಾರ್ಟ್ ಆಯಿತು.

ಅವರು ಹಳ್ಳಿ ಮುಟ್ಟುವಷ್ಟರಲ್ಲಿ ಮಗು ಹುಟ್ಟಿಬಿಟ್ಟಿತ್ತು. ಬಾಗಿಲಲ್ಲೇ ನಲ್ಲಪ್ಪನ ತಾಯಿ ಗಂಗುಲಮ್ಮ, "ವಚ್ಚಿನಾವಾ ತಲ್ಲೀ, ಬಂದ್ಯಾ ತಾಯೀ, ಬೇಗ ಬಾ, ಕೂಸು ಅಳ್ತಿಲ್ಲ!" ಎಂದು ಕೂಗಿದಳು. ಓಬಳಮ್ಮ ಚಪ್ಪಲಿ ಬಿಟ್ಟವಳೇ ಒಳಗೆ ಓಡಿದಳು. ಮಗುವಿನ ಬಾಯಿ, ಮೂಗು ಒರೆಸಿ, ಬೆನ್ನು ತಿಕ್ಕಿದಳು. ಮಗು ಒಮ್ಮೆ ಬಿಕ್ಕಿ, ಆಮೇಲೆ ಬೀದಿಗೆಲ್ಲ ಕೇಳುವಂತೆ ಅತ್ತಿತು. ಗಂಡು ಮಗು. ತಾಯಿಯೂ ಚೆನ್ನಾಗಿದ್ದಳು. ಗಂಗುಲಮ್ಮ ನರ್ಸಮ್ಮನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮನೆಗೆ ಬಂದ ಮೇಲೆ ಓಬಳಮ್ಮ ಕಾಫಿ ಕೂಡ ಕುಡಿಯದೆ ಗಾಡಿಯ ಎದುರು ಕೂತಳು.

"ಇನ್ನೈದು ನಿಮಿಷ ತಡ ಆಗಿದ್ರೆ ಏನಾಗ್ತಿತ್ತೋ. ಇವತ್ತು ಇದರ ಕಾಯಿಲೆ ಏನು ಅಂತ ನೋಡ್ಲೇಬೇಕು ಕಣ್ರೀ."

"ಎರ್ರಪ್ಪನಿಗೇ ಗೊತ್ತಾಗಿಲ್ಲ, ನಮಗೇನು ಗೊತ್ತಾಗುತ್ತೆ?"

"ಹೊಟ್ಟೆನೋವು ಅಂತ ಯಾರಾದ್ರೂ ಬಂದ್ರೆ ನಾನು ಮೊದ್ಲೇ ಮಾತ್ರೆ ಕೊಡ್ತೀನಾ? ಯಾವಾಗ ಬರುತ್ತೆ, ಏನು ಮಾಡಿದ್ರೆ ಹೋಗುತ್ತೆ ಅಂತ ಕೇಳ್ತೀನಿ. ಹೇಳಿ, ಇದಕ್ಕೆ ಏನು ಮಾಡಿದ್ರೆ ಹೋಗುತ್ತೆ?"

"ನೂಕಿದ್ರೆ ಹೋಗುತ್ತೆ."

"ಇವತ್ತು ಎಲ್ಲಿ ನೂಕಿದ್ರಿ? ಮುನಿಗಂಗಪ್ಪಣ್ಣ ಇನ್ನೂ ಕೈನೇ ಹಾಕಿರ್ಲಿಲ್ಲ."

ಅದು ನಿಜವಾಗಿತ್ತು. ಗಾಡಿಗೆ ಬೇಕಾಗಿದ್ದುದು ನೂಕುವುದಲ್ಲ, ಬೀದಿಗೆ ಬರುವುದು. ಆದರೆ ಬೀದಿಯಲ್ಲಿ ಇದ್ದು, ನಡವೆಯಲ್ಲಿ ಇಲ್ಲದ್ದು ಏನು?

ಇಬ್ಬರೂ ಗಾಡಿಯನ್ನು ಬೀದಿಗಿಳಿಸಿದರು. ಒಂದೇ ಕಿಕ್ಕಿಗೆ ಸ್ಟಾರ್ಟ್. ಆರಿಸಿ ಒಳಗೆ ತಂದು, ಎಂದಿನ ಜಾಗದಲ್ಲಿ ನಿಲ್ಲಿಸಿದರು. ಸ್ಟಾರ್ಟ್ ಆಗಲಿಲ್ಲ. ಮತ್ತೆ ಬೀದಿಗೆ ಒಯ್ದರೆ ಆಯಿತು. ಮುನಿಗಂಗಪ್ಪ ಜಗುಲಿಯ ಮೇಲೆ ಕೂತು, "ಏನಪ್ಪಾ ಇದು, ಮದುವೆ ಹೆಣ್ಣನ್ನ ಮನೆ ತುಂಬಿಸ್ದಂಗೆ ಒಳಗೂ ಹೊರಗೂ!" ಎಂದ.

"ಈ ಸಲ ಆರಿಸ್ಬೇಡಿ. ಇಂಜಿನ್ ಓಡ್ತಾ ಇರೋವಾಗ್ಲೇ ಒಳಗೆ ತನ್ನಿ," ಎಂದಳು ಓಬಳಮ್ಮ.

ಮೇಷ್ಟ್ರು ಹಾಗೇ ತಂದರು. ನಡವೆ ತುಂಬ ಹೊಗೆ, ಸದ್ದು. ಇಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಬಾಗಿಲು ಮುಚ್ಚಲು ಅಡ್ಡ ಬರದಿರಲಿ ಎಂದು ರೂಢಿಯಂತೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಗಾಡಿ ಟಕ್ಕನೆ ನಿಂತಿತು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಹ್ಯಾಂಡಲ್ ನೇರ ಮಾಡಿ ಕಿಕ್ ಹೊಡೆದರೆ ಸ್ಟಾರ್ಟ್. ಎಡಕ್ಕೆ ತಿರುಗಿಸಿದರೆ ಬಂದ್. ಮೇಷ್ಟ್ರು ಮಕ್ಕಳಂತೆ ಐದಾರು ಸಲ ಮಾಡಿ ಮಾಡಿ ನೋಡಿದರು. ಓಬಳಮ್ಮ ಸೆರಗಿನಲ್ಲಿ ಹೊಗೆ ಬೀಸಿಕೊಳ್ಳುತ್ತಾ ನಕ್ಕಳು.

ಮಾರನೆಯ ದಿನ ಎರ್ರಪ್ಪನ ಶೆಡ್ಡಿನಲ್ಲೂ ಅದನ್ನೇ ತೋರಿಸಿದರು. ಎರ್ರಪ್ಪನ ನಗು ನಿಂತಿತು. ಎರಡು ತಂತಿ ಕಟ್ಟಿದ ಚಿಕ್ಕ ಬಲ್ಬೊಂದನ್ನು ತಂದು, ಒಂದು ತುದಿಯನ್ನು ಟ್ಯಾಂಕಿನ ಕೆಳಗೆ, ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲ್‌ಗೆ ಕರೆಂಟ್ ಬರುವ ಕಡೆ, ಇನ್ನೊಂದನ್ನು ಇಂಜಿನ್ನಿಗೆ ಹಿಡಿದ. ಬಲ್ಬ್ ಹತ್ತಿತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದ. ಆರಿತು. ಹೆಡ್‌ಲೈಟಿನಿಂದ ಹೊರಟು ಗಾಡಿಯ ಕತ್ತಿನ ಪಕ್ಕದಲ್ಲಿ ಹಾದು ಬರುವ ವೈರುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಬಗ್ಗಿಸಿ ನೋಡಿದ. ಒಂದು ಕಡೆ ವೈರು ದಾರದಂತೆ ಮೆತ್ತಗೆ ಬಾಗಿತು. ಅಲ್ಲಿ ಬ್ಲೇಡಿನಿಂದ ಸೀಳಿದರೆ, ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ ಹಸಿರುಗಟ್ಟಿದ್ದವು. ಮೇಲಿನ ಸಿಪ್ಪೆ ಮಾತ್ರ ಹಾಗೇ ಇತ್ತು. ಹ್ಯಾಂಡಲ್ ನೇರ ಇದ್ದಾಗ ತುಂಡುಗಳು ಒಂದಕ್ಕೊಂದು ತಾಗುತ್ತಿದ್ದವು, ಎಡಕ್ಕೆ ಎಳೆದಾಗ ಬಿಟ್ಟುಕೊಳ್ಳುತ್ತಿದ್ದವು.

"ಲೈಟು ಬರುತ್ತೆ, ಹಾರ್ನ್ ಬರುತ್ತೆ, ಅಂದ್ಮೇಲೆ ಕರೆಂಟಿದೆ ಅಂದ್ಕೊಂಡೆ ನೋಡಿ," ಎಂದ ಎರ್ರಪ್ಪ. "ಕಾಯಿಲ್‌ಗೆ ಹೋಗೋ ವೈರೇ ಬೇರೆ. ನಾನು ಇಲ್ಲಿ ಯಾವತ್ತೂ ಗಾಡಿ ನೇರಕ್ಕೇ ನಿಲ್ಲಿಸ್ತೀನಿ. ಹದಿನೈದು ವರ್ಷದ ಮೆಕ್ಯಾನಿಕ್ಕು ನಾನು, ನರ್ಸಮ್ಮನ ಹತ್ರ ಪಾಠ ಕಲಿತಂಗಾಯ್ತು." ಹ್ಯಾಂಡಲ್ ತಿರುಗಿಸಿದಾಗ ಎಳೆತ ಬೀಳದಂತೆ ಹೊಸ ವೈರನ್ನು ಸ್ವಲ್ಪ ಸಡಿಲ ಬಿಟ್ಟು ಹಾಕಿದ. ಕೈ ಒರೆಸಿಕೊಂಡು, ಮೆಲ್ಲಗೆ, "ಅಮ್ಮಾ, ನನಗೂ ಈ ಬಲ ಭುಜ ಒಂದೊಂದ್ಸಲ ನೋಯುತ್ತೆ," ಎಂದ. ಓಬಳಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತು ಅವನ ಭುಜವನ್ನೂ ವಿಚಾರಿಸಿದಳು.

ಆ ದಿನದಿಂದ ಓಬಳಮ್ಮನಿಗೆ ಗಾಡಿಯನ್ನು ತಾನೇ ಓಡಿಸಲು ಇದ್ದ ಅಂಜಿಕೆ ಹೋಯಿತು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಮೇಷ್ಟ್ರು ಕ್ಲಚ್ಚು, ಗೇರು ಹೇಳಿಕೊಟ್ಟರು. ಎರಡು ಸಲ ಬಿದ್ದಳು, ಮೊಣಕೈ ತರಚಿತು. ಮಳೆಗಾಲದ ಹೊತ್ತಿಗೆ ಸೀರೆಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿ, ಒಬ್ಬಳೇ ಹೊರಡತೊಡಗಿದಳು. ಮೊದಮೊದಲು ಜನ ಕೆಲಸ ಬಿಟ್ಟು ನಿಂತು ನೋಡಿದರು. ಆಮೇಲೆ ಸದ್ದು ಕೇಳಿದ ಕೂಡಲೇ ಒಲೆಯ ಮೇಲೆ ಬಿಸಿನೀರಿಡಲು ಕಲಿತರು.

ಮೇಷ್ಟ್ರಿಗೆ ಈಗ ಸಂಜೆ ಬಿಡುವು ಸಿಗುತ್ತಿತ್ತು. ಹಿತ್ತಲಲ್ಲಿ ಕೂತು ಚಿತ್ರ ಬರೆಯುತ್ತಿದ್ದರು. ಹೊತ್ತಾದರೆ ಎದ್ದು ಮುದ್ದೆಗೆ ಎಸರಿಟ್ಟು, ಹೆಂಡತಿಗಾಗಿ ಕಾಯುತ್ತಿದ್ದರು.